ನಿಕನೋರಾಳ ಡಬ್ಬಿಯಲ್ಲಿದ್ದ ಬಿಳಿ ಚಕ್ಕೆಗಳು

ಎರಡನೆಯ ಇಸ್ತ್ರಿಪೆಟ್ಟಿಗೆಯೂ ಕೆಟ್ಟ ದಿನ ನಿಕನೋರಾ ಪೋತ್ ಅದನ್ನು ಮಗುಚಿ ಹಿಡಿದು ಅಲ್ಲಾಡಿಸಿದಳು. ಹಬೆ ಬರುವ ತೂತುಗಳಿಂದ ತಲೆಹೊಟ್ಟಿನ ಹಾಗೆ ಬಿಳಿ ಚಕ್ಕೆಗಳು ಉದುರಿದವು. ಒಂದನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು, ಮೂಸಿದಳು. ಆಮೇಲೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲಗೆಗೆ ಹಚ್ಚಿಕೊಂಡಳು.

ಸುಣ್ಣ.

ಅವಳಿಗೆ ಅನುಮಾನವೇ ಉಳಿಯಲಿಲ್ಲ. ಮೆರಿದಾ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬ ಹೆಂಗಸಿಗೂ ಆ ರುಚಿ ಗೊತ್ತು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಇಡೀ ರಾತ್ರಿ ನೆನೆಹಾಕದೆ ರೊಟ್ಟಿಯ ಹಿಟ್ಟು ಆಗುವುದಿಲ್ಲ. ಅವ್ವ ಹಿಟ್ಟು ನಾದುವಾಗ ಪಕ್ಕದಲ್ಲಿ ಕೂತು, ಸರಿಯಾಗಿ ತೊಳೆಯದ ಕಾಳನ್ನು ಕದ್ದು ತಿಂದು ನಾಲಗೆ ಚುರುಗುಟ್ಟಿಸಿಕೊಂಡವಳು ನಿಕನೋರಾ. ಇದು ಅಷ್ಟು ಚುರುಗುಟ್ಟಲಿಲ್ಲ, ಆದರೆ ಅದೇ ಸಪ್ಪೆ, ಅದೇ ಧೂಳುಧೂಳು.

ಇಸ್ತ್ರಿಪೆಟ್ಟಿಗೆಯೊಳಗೆ ಸುಣ್ಣ ತಾನಾಗಿ ನಡೆದುಕೊಂಡು ಬರುತ್ತದೆಯೇ?

ಅವಳು ಉದುರಿದ ಚಕ್ಕೆಗಳನ್ನು ಕಾಗದದಿಂದ ಒಟ್ಟುಗೂಡಿಸಿ, ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿ ಆಗಲೇ ಬೇರೆ ಸಾಕ್ಷಿಗಳಿದ್ದವು. ಸ್ನಾನದ ಕೋಣೆಯ ನಲ್ಲಿಯ ಜಾಲರಿಯಿಂದ ಕೆರೆದದ್ದು, ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಹೋಗುವ ಕಡೆ ಕಟ್ಟಿಕೊಂಡಿದ್ದು, ಕಾಫಿ ಕುದಿಸುವ ಪಾತ್ರೆಯ ತಳದಿಂದ ಬಿಲ್ಲೆಯ ಹಾಗೆ ಎದ್ದು ಬಂದದ್ದು. ಡಬ್ಬಿ ಮುಚ್ಚಿ, ಅದನ್ನು ಸಂತನ ಪಟದ ಹಿಂದೆ ಇಟ್ಟಳು. ಸಂತನಾದರೂ ಯಾರಿಗೂ ಹೇಳಲಾರ.

ನಿಕನೋರಾ ಇಸ್ತ್ರಿ ಮಾಡಿ ಬದುಕುವವಳು. ಸಾನ್ ಸೆಬಾಸ್ತಿಯಾನ್ ಕೇರಿಯಲ್ಲಿ ಅವಳ ಕೈಯ ಗಂಜಿಗೆ ಹೆಸರಿತ್ತು. ಈ ಊರಿನ ಗಂಡಸರು ಮದುವೆಗೆ, ಮಸಣಕ್ಕೆ, ಹಾಡುಗಾರಿಕೆಗೆ ತೊಡುವ ಬಿಳಿ ಗುವಾಯಬೆರಾ ಅಂಗಿಯ ಎದೆಯ ಮೇಲೆ ಸಣ್ಣ ಸಣ್ಣ ನೆರಿಗೆಗಳ ಪಟ್ಟಿ ಇರುತ್ತದೆ. ಆ ನೆರಿಗೆ ಒಂದಕ್ಕೊಂದು ಅಂಟದೆ, ಬಾಗದೆ ನಿಲ್ಲಬೇಕಾದರೆ ಗಂಜಿ ಹದವಾಗಿರಬೇಕು, ಕಾವು ಹದವಾಗಿರಬೇಕು. ನಿಕನೋರಾ ಇಸ್ತ್ರಿ ಮಾಡಿದ ಅಂಗಿ ತೊಟ್ಟವರು ಕೂತು ಎದ್ದರೂ ಈಗಷ್ಟೇ ತೊಟ್ಟವರ ಹಾಗೆ ಕಾಣುತ್ತಿದ್ದರು.

ಅವಳ ಇನ್ನೊಂದು ಗುಣಕ್ಕೂ ಕೇರಿಯಲ್ಲಿ ಹೆಸರಿತ್ತು. ಅವಳು ಯಾರನ್ನೂ ನಂಬುತ್ತಿರಲಿಲ್ಲ. ಗಂಜಿಪುಡಿಯ ಜಾಡಿಯ ಮೇಲೆ ಎಲ್ಲಿಯವರೆಗೆ ಪುಡಿ ಇದೆಯೋ ಅಲ್ಲಿಗೆ ಉಗುರುಬಣ್ಣದಿಂದ ಗೆರೆ ಎಳೆಯುತ್ತಿದ್ದಳು. ಮನೆ ಬಿಟ್ಟು ಹೋಗುವಾಗ ಬಾಗಿಲ ಸಂದಿಗೆ ಒಂದು ನೂಲೆಳೆ ಸಿಕ್ಕಿಸಿ ಹೋಗುತ್ತಿದ್ದಳು. ಗ್ಯಾಸಿನವನು ಸಿಲಿಂಡರ್ ಇಳಿಸಿದರೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, "ಇದು ನಿಜವಾಗ್ಲೂ ತುಂಬಿದೆಯಾ, ಇಲ್ಲಾ ನಿನ್ನ ಮಾತು ಮಾತ್ರ ತುಂಬಿದೆಯಾ?" ಎನ್ನುತ್ತಿದ್ದಳು. ಚರ್ಚಿನಲ್ಲಿ ಕೊನೆಯ ಸಾಲಿನಲ್ಲೇ ಕೂರುವುದು. ಬೆನ್ನ ಹಿಂದೆ ಯಾರಿದ್ದಾರೆಂದು ಗೊತ್ತಿಲ್ಲದೆ ಪ್ರಾರ್ಥನೆ ಮಾಡುವುದು ಅವಳಿಗೆ ಆಗುತ್ತಿರಲಿಲ್ಲ.

ಹುಟ್ಟಿನಿಂದ ಅವಳು ಹಾಗಿರಲಿಲ್ಲ. ಹರೆಯದಲ್ಲಿ ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಕಸೂತಿಯ ಮೇಜುವಸ್ತ್ರ ಕಾಣೆಯಾಯಿತು. ಆವತ್ತು ಅದನ್ನು ಕೊನೆಗೆ ಮುಟ್ಟಿದವಳು ಇವಳು. ಅಲ್ಲಿಂದ ಮುಂದೆ ಪ್ರತಿ ಸಂಜೆ ಹಿಂಬಾಗಿಲಲ್ಲಿ, ಬೇರೆ ಹುಡುಗಿಯರೆಲ್ಲ ನೋಡುತ್ತಿರುವಾಗಲೇ ಕಾವಲುಗಾರ ಅವಳ ಚೀಲವನ್ನು ಬರಿದು ಮಾಡಿಸುತ್ತಿದ್ದ. ಬಾಚಣಿಗೆ, ಊಟದ ಡಬ್ಬಿ, ಒಳಗಿನ ಬಟ್ಟೆ, ಎಲ್ಲವೂ ನೆಲದ ಮೇಲೆ. ಮೇಜುವಸ್ತ್ರ ಕೊನೆಗೆ ಒಂದು ದೊಡ್ಡ ಕಪಾಟಿನ ಹಿಂದೆ ಸಿಕ್ಕಿತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಚೀಲ ನೋಡುವುದನ್ನು ಮಾತ್ರ ನಿಲ್ಲಿಸಿದರು. ಬೇರೆಯವಳಾಗಿದ್ದರೆ, ಸುಮ್ಮಸುಮ್ಮನೆ ಯಾರ ಮೇಲೂ ಗುಮಾನಿ ಪಡಬಾರದು ಎಂದು ಅದರಿಂದ ಕಲಿಯುತ್ತಿದ್ದಳೇನೋ. ನಿಕನೋರಾ ಕಲಿತದ್ದು ಬೇರೆ. ಬೇರೆಯವರು ತನ್ನ ಚೀಲ ಬಿಚ್ಚುವ ಮೊದಲು ತಾನೇ ಅವರ ಚೀಲ ಬಿಚ್ಚಬೇಕು ಎಂದು ಕಲಿತಳು.

ಈಗ ಅವಳು ಬಿಚ್ಚಿ ನೋಡಬೇಕೆಂದಿದ್ದ ಚೀಲ ಅತ್ತಿಗೆ ಎತೆಲ್ವಿನಾಳದು.

ಎತೆಲ್ವಿನಾ ನಿಕನೋರಾಳ ಅಣ್ಣನ ಹೆಂಡತಿ. ಅಣ್ಣ ತೀರಿಹೋಗಿದ್ದ. ಅಪ್ಪನ ಕಾಲದ ಒಂದೇ ನಿವೇಶನದಲ್ಲಿ ಎರಡು ಮನೆ, ನಡುವೆ ಗಾರೆಯಿಲ್ಲದೆ ಬಿಳಿ ಕಲ್ಲು ಪೇರಿಸಿ ಎಬ್ಬಿಸಿದ ಎದೆಮಟ್ಟದ ಗೋಡೆ. ಗೋಡೆಯ ಒಂದು ಕಡೆ ಒಬ್ಬರು ದಾಟುವಷ್ಟು ಕಂಡಿ ಬಿಟ್ಟಿದ್ದರು. ಆ ಕಂಡಿಯಿಂದ ಮುಂಜಾನೆ ಬಿಸಿ ರೊಟ್ಟಿ ಈಚೆಗೆ ಬರುತ್ತಿತ್ತು, ಸಂಜೆ ಇಸ್ತ್ರಿಯಾದ ಏಪ್ರನ್ ಆಚೆಗೆ ಹೋಗುತ್ತಿತ್ತು. ನೀರಿನ ಟ್ಯಾಂಕು ಮಾತ್ರ ಒಂದೇ. ಅಣ್ಣ ಬದುಕಿದ್ದಾಗ ತಾನೇ ಹಗ್ಗ ಕಟ್ಟಿ ಎಳೆದು, ನಿಕನೋರಾಳ ತಾರಸಿಯ ಮೇಲೆ ಇಟ್ಟಿದ್ದ. ಅಲ್ಲಿಂದ ಒಂದು ಕೊಳವೆ ಇವಳ ಮನೆಗೆ, ಇನ್ನೊಂದು ಅತ್ತಿಗೆಯ ಮನೆಗೆ.

ಅಣ್ಣ ಹೋದ ಮೇಲೆ ಎತೆಲ್ವಿನಾ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಬೆಳಕು ಹರಿಯುವ ಮೊದಲೇ ಗಿರಣಿಯ ಸದ್ದು, ಅಂಗಳದಲ್ಲಿ ನೆನೆದ ಜೋಳದ ವಾಸನೆ, ಗೋಡೆಗೆ ಒರಗಿಸಿಟ್ಟ ಸುಣ್ಣದ ಚೀಲಗಳು. ಕೇರಿಯ ಅರ್ಧ ಮನೆಗಳ ರೊಟ್ಟಿ ಅಲ್ಲಿಂದಲೇ.

ಅದೇ ವರ್ಷ ನಿಕನೋರಾ ಬಟ್ಟೆ ಒಗೆಯುವ ಯಂತ್ರವನ್ನೂ ಹಬೆಯ ಇಸ್ತ್ರಿಪೆಟ್ಟಿಗೆಯನ್ನೂ ಮೊದಲ ಬಾರಿಗೆ ಮನೆಗೆ ತಂದಿದ್ದಳು. ಅದಕ್ಕೆ ಮೊದಲು ಅವಳಲ್ಲಿದ್ದದ್ದು ಕಲ್ಲಿನ ತೊಟ್ಟಿ, ಹಬೆಯಿಲ್ಲದ ಹಳೆಯ ಭಾರದ ಇಸ್ತ್ರಿ, ನೀರು ಚಿಮುಕಿಸಲು ಕೈ. ಆ ಹಳೆಯ ಇಸ್ತ್ರಿ ಎಂದೂ ಕೆಟ್ಟದ್ದಿಲ್ಲ. ಹೊಸದು ಮಳೆಗಾಲ ಕಳೆಯುವಷ್ಟರಲ್ಲಿ ಕೆಮ್ಮತೊಡಗಿತು. ಯಂತ್ರಕ್ಕೆ ನೀರು ತುಂಬುವುದು ದಿನದಿನಕ್ಕೆ ನಿಧಾನವಾಗಿ, ಕೊನೆಗೆ ನೂಲಿನಂತೆ ಇಳಿಯತೊಡಗಿತು. ಯಂತ್ರಗಳು ಬಂದದ್ದೂ ಗಿರಣಿ ಬಂದದ್ದೂ ಒಂದೇ ವರ್ಷ. ನಿಕನೋರಾಳ ಕಣ್ಣಿಗೆ ಬಿದ್ದದ್ದು ಗಿರಣಿ ಮಾತ್ರ.

ಎರಡನೆಯ ಇಸ್ತ್ರಿಪೆಟ್ಟಿಗೆ ಸಾಯುವಾಗ ಸುಮ್ಮನೆ ಸಾಯಲಿಲ್ಲ. ದೋನ್ ಎರ್ಮಿಲೋ ಅವರ ಗುವಾಯಬೆರಾದ ಮೇಲೆ ಕಂದು ನೀರನ್ನೂ ಬಿಳಿ ಚಕ್ಕೆಗಳನ್ನೂ ಉಗುಳಿ ಸತ್ತಿತು. ಎರ್ಮಿಲೋ ಮೂವರ ಹಾಡುತಂಡದಲ್ಲಿ ಗಿಟಾರು ನುಡಿಸುವವರು. ಅವರ ತಂಡದ ಅಂಗಿಗಳೆಲ್ಲ ಬರುತ್ತಿದ್ದದ್ದು ಇವಳ ಬಳಿಗೇ. ಅವರು ಅಂಗಿಯನ್ನು ಬಿಡಿಸಿ, ಕಾಲರನ್ನು ಮೂಗಿನ ಹತ್ತಿರ ತಂದು ನೋಡಿದರು.

"ನಿಕನೋರಮ್ಮ, ಇದ್ರ ಮೇಲೆ ಪಾರಿವಾಳ ಏನಾದ್ರೂ ಕೂತಿತ್ತಾ?"

"ಇಲ್ಲ ಎರ್ಮಿಲೋ ಅವರೇ, ಇನ್ನೊಂದ್ಸಲ ಒಗೆದು ಕೊಡ್ತೀನಿ."

"ಪಾರಿವಾಳಾನ ನಾನು ಕ್ಷಮಿಸ್ತೀನಿ, ಅದಕ್ಕೆ ಸಂಗೀತ ಗೊತ್ತಿಲ್ಲ. ಆದ್ರೆ ಗುರುವಾರ ಚೌಕದಲ್ಲಿ ಎಲ್ರೂ ಮುಂದಿನ ಸಾಲಲ್ಲಿ ಕೂತಿರ್ತಾರೆ. ನಾನು ಪ್ರೇಮದ ಹಾಡು ಹಾಡೋವಾಗ ಅವರು ನನ್ನ ಕಾಲರ್ ನೋಡ್ತಾ ಕೂತ್ರೆ ಹೇಗೆ?" ಅವರು ನಕ್ಕರು. ಆದರೆ ಉಳಿದ ಅಂಗಿಗಳನ್ನು ಬಿಟ್ಟು ಹೋಗಲಿಲ್ಲ. ತೋಳಿನ ಮೇಲೆ ಹಾಕಿಕೊಂಡೇ ಹೊರಟರು.

ಆ ನಗುವಿಗಿಂತ ತೋಳಿನ ಮೇಲಿದ್ದ ಅಂಗಿಗಳು ನಿಕನೋರಾಳಿಗೆ ಹೆಚ್ಚು ಚುಚ್ಚಿದವು.

ಅವಳು ಕೊಳಾಯಿ ರಿಪೇರಿಯ ವೆಂಚೋನನ್ನು ಕರೆಸಿದಳು. ಕೇರಿಗೆ ಇದ್ದವನು ಅವನೊಬ್ಬನೇ. ಅವನು ಯಂತ್ರದ ಹಿಂದೆ ಮಂಡಿಯೂರಿ, ಕೊಳವೆ ಬಿಚ್ಚಿ, ಒಳಗಿನ ಜಾಲರಿಯನ್ನು ಸ್ಕ್ರೂಡ್ರೈವರಿನಿಂದ ತಟ್ಟಿದ.

"ನೀರಿಂದ್ಲೇ ಆಗಿರೋದು ಅಮ್ಮ. ಈ ಊರ ನೀರೇ ಹಿಂಗೆ."

"ನೀರು ಬೆಳ್ಳಗಿದೆಯೇನೋ? ನೋಡು, ಕನ್ನಡಿ ಥರ ಇದೆ. ಕನ್ನಡಿಯೊಳಗೆ ಎಲ್ಲಿಂದ ಬಂತು ಸುಣ್ಣ?"

"ಕಣ್ಣಿಗೆ ಕಾಣಲ್ಲ. ಕಾದ ಮೇಲೆ ಕೂರುತ್ತೆ."

"ಓಹೋ! ಕಣ್ಣಿಗೆ ಕಾಣಲ್ಲ. ದೆವ್ವಾನೂ ಹಂಗೇ ಅಂತಾರೆ." ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಮನೆ ರೊಟ್ಟಿ ಎಲ್ಲಿಂದ ಬರುತ್ತೆ ವೆಂಚೋ?"

"ನಿಮ್ಮ ಅತ್ತಿಗೆ ಗಿರಣಿಯಿಂದ. ಯಾಕೆ?"

"ಏನಿಲ್ಲ. ಕೇಳ್ದೆ ಅಷ್ಟೆ."

ಅಷ್ಟು ಸಾಕಾಯಿತು ಅವಳಿಗೆ. ಉಂಡ ಮನೆಯ ಜಂತೆ ಯಾರು ಎಣಿಸುತ್ತಾರೆ? ವೆಂಚೋನನ್ನೂ ಅವಳು ಮನಸ್ಸಿನಲ್ಲೇ ಡಬ್ಬಿಗೆ ಹಾಕಿ ಮುಚ್ಚಿದಳು.

ಮುಂದಿನ ದಿನಗಳಲ್ಲಿ ಅವಳು ಇಸ್ತ್ರಿ ಮೇಜನ್ನು ಹಿಂದಿನ ಕಿಟಕಿಯ ಹತ್ತಿರ ಎಳೆದುಕೊಂಡಳು. ಅಲ್ಲಿಂದ ತಾರಸಿಗೆ ಹೋಗುವ ಏಣಿ ಕಾಣುತ್ತಿತ್ತು. ಹಳೆಯ ಭಾರದ ಇಸ್ತ್ರಿಯನ್ನೇ ಮತ್ತೆ ಹೊರತೆಗೆದು, ಕೈಯಿಂದ ನೀರು ಚಿಮುಕಿಸುತ್ತ, ಒಂದು ಕಣ್ಣು ನೆರಿಗೆಯ ಮೇಲೆ, ಇನ್ನೊಂದು ಏಣಿಯ ಮೇಲೆ. ಬಿಸಿಲು ಸುಡುವ ಕಾಲ. ಬೀದಿನಾಯಿಗಳೂ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಅವಳು ಮಧ್ಯಾಹ್ನದ ಜೋಲಿಯ ನಿದ್ದೆಯನ್ನೂ ಬಿಟ್ಟಳು.

ಶನಿವಾರ ಮಧ್ಯಾಹ್ನ ಗಿರಣಿಯ ಸದ್ದು ನಿಂತಿತು. ಕಂಡಿಯಿಂದ ಎತೆಲ್ವಿನಾ ಈಚೆ ಬಂದಳು. ಸ್ಥೂಲ ದೇಹ, ಮಂಡಿನೋವು, ಆದರೂ ಏಣಿ ಹಿಡಿದಳು. ಒಂದು ಕೈಯಲ್ಲಿ ಬಕೆಟ್ಟು. ಬಕೆಟ್ಟಿನ ಮೇಲೆ ಬಟ್ಟೆ ಮುಚ್ಚಿತ್ತು.

ನಿಕನೋರಾ ಕಿಟಕಿಗೆ ಕಿವಿಯಿಟ್ಟಳು. ಮೇಲೆ ಟ್ಯಾಂಕಿನ ಮುಚ್ಚಳ ಸರಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀರು ಕಲಕಿದ ಸದ್ದು. ಇಸ್ತ್ರಿ ಬಟ್ಟೆಯ ಮೇಲೆಯೇ ಉಳಿದು ಸೀದ ವಾಸನೆ ಬಂದಾಗಲೇ ಅವಳಿಗೆ ಎಚ್ಚರ. ಎತ್ತಿಟ್ಟು ಹೊರಗೆ ಓಡಿದಳು. ಎತೆಲ್ವಿನಾ ಏಣಿಯಿಂದ ಕೊನೆಯ ಮೆಟ್ಟಿಲು ಇಳಿಯುತ್ತಿದ್ದಳು.

"ಬಕೆಟ್ಟಲ್ಲಿ ಏನದು?"

ಎತೆಲ್ವಿನಾ ಬೆಚ್ಚಿದಳು. ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. "ನೀನು ಮಲಗಿಲ್ವಾ?"

"ನಾನು ಮಲಗಿರ್ತೀನಿ ಅಂತಾನೇ ಹತ್ತಿದ್ದಲ್ವಾ? ಹೇಳು, ಏನದು?"

"ಏಕವಚನಕ್ಕೆ ಇಳಿದ್ಬಿಟ್ಯಾ ನಿಕಾ? ನಿಮ್ಮಣ್ಣ ಇದ್ದಿದ್ರೆ ಈ ನಾಲಗೆ ಹಿಂಗೆ ಹೊರಳ್ತಿತ್ತಾ?"

"ನಮ್ಮಣ್ಣ ಇದ್ದಿದ್ರೆ ಆ ಟ್ಯಾಂಕಿಗೆ ಸುಣ್ಣ ಬೀಳ್ತಿರ್ಲಿಲ್ಲ! ಕಣ್ಣಾರೆ ನೋಡ್ದೆ. ನನ್ನ ಇಸ್ತ್ರಿ ತಿಂದೆ, ಯಂತ್ರ ತಿಂದೆ, ಗಿರಾಕೀನೂ ತಿಂದೆ. ಇನ್ನೇನು ಬೇಕು ನಿಂಗೆ, ನನ್ನ ಮನೆಯಾ?"

"ನಿನ್ನ ಮನೇನಾ! ಗೆದ್ದಲೂ ಬೇಡ ಅಂತ ಬಿಟ್ಟುಹೋಗಿರೋ ಮನೆ! ಸುಣ್ಣ ನನ್ನ ಜೋಳಕ್ಕೇ ಸಾಲ್ತಿಲ್ಲ, ನಿನ್ನ ಇಸ್ತ್ರಿಗೆ ಊಡ್ಸಕ್ಕೆ ನಂಗೇನು ಹುಚ್ಚಾ?" ಎತೆಲ್ವಿನಾ ಇನ್ನೂ ಏನೋ ಹೇಳಲು ಬಾಯಿ ತೆರೆದು, ಬಕೆಟ್ಟಿನ ಕಡೆ ನೋಡಿ, ಮುಚ್ಚಿಕೊಂಡಳು. ಆ ನೋಟವೂ ನಿಕನೋರಾಳ ಕಣ್ಣು ತಪ್ಪಲಿಲ್ಲ.

"ಸೋಮವಾರ ವೆಂಚೋ ಬರ್ತಾನೆ. ನಿನ್ನ ಕಡೆ ಹೋಗೋ ಕೊಳವೆ ಕತ್ತರಿಸಿ ಬಾಯಿ ಮುಚ್ತಾನೆ. ಟ್ಯಾಂಕು ನನ್ನ ತಾರಸಿ ಮೇಲಿದೆ."

ಎತೆಲ್ವಿನಾಳ ಮುಖದ ಬಣ್ಣ ಇಳಿಯಿತು. ಬೀದಿಯ ನೀರು ಅವಳ ಕಡೆಗೆ ಏರುವುದೇ ಇಲ್ಲ. ಕೊಳವೆ ಹೋದರೆ ಜೋಳ ತೊಳೆಯಲು ಹನಿ ನೀರಿಲ್ಲ, ಗಿರಣಿ ಅಂದೇ ನಿಲ್ಲುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು.

"ಕತ್ತರಿಸು," ಎಂದಳು ಅವಳು, ಮೆಲ್ಲಗೆ. "ಅವರು ಹಗ್ಗ ಎಳೆದ ದಿನ ಅಂಗೈ ಸಿಪ್ಪೆ ಕಿತ್ತು ಬಂದಿತ್ತು. ಎಣ್ಣೆ ಹಚ್ಚಿದೋಳು ನಾನು. ಕತ್ತರಿಸು."

ಅವಳು ಬಕೆಟ್ಟು ಹಿಡಿದು ಕಂಡಿ ದಾಟಿ ಹೋದಳು. ನಿಕನೋರಾ ಗೋಡೆಯ ಬುಡದಲ್ಲಿ ಬಿದ್ದಿದ್ದ ಬಿಳಿ ಕಲ್ಲುಗಳನ್ನು ಎತ್ತಿ ಎತ್ತಿ ಕಂಡಿಯಲ್ಲಿ ಪೇರಿಸಿದಳು. ಸೊಂಟದ ಮಟ್ಟಕ್ಕೆ ಬಂದಾಗ ಕೈ ಸೋತಿತು. ಅಷ್ಟಕ್ಕೇ ಬಿಟ್ಟಳು. ವೆಂಚೋನಿಗೆ ಹೇಳಿಕಳಿಸಿದಳು. ಅವನು, "ಕತ್ತರಿಸೋದು ಸುಲಭ ಅಮ್ಮ, ಯೋಚ್ನೆ ಮಾಡಿ," ಎಂದು ಮರುಮಾತು ಕಳಿಸಿದ. ಅವನು ಆ ಪಕ್ಷದವನೇ ಎಂಬುದು ಅವಳಿಗೆ ಇನ್ನಷ್ಟು ಖಚಿತವಾಯಿತು.

ಭಾನುವಾರ ಬೆಳಿಗ್ಗೆ ಕಂಡಿಯಿಂದ ರೊಟ್ಟಿ ಬರಲಿಲ್ಲ. ನಿಕನೋರಾ ಮಾರುಕಟ್ಟೆಗೆ ಹೋಗಿ, ಎಲ್ಲರಂತೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಹಂದಿಮಾಂಸ ಕೊಂಡಳು. ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಮಾಂಸದವನ ಬೆರಳನ್ನೇ ನೋಡುತ್ತ ನಿಂತಿದ್ದಳು. ಅಪರಿಚಿತ ಅಂಗಡಿಯ ರೊಟ್ಟಿ ತಂದಳು. ಬಾಗಿಲ ಸಂದಿಯ ನೂಲು ಇದ್ದಲ್ಲೇ ಇತ್ತು.

ಆ ಮಾಂಸಕ್ಕೆ ಹುಳಿಕಿತ್ತಳೆಯ ರಸದಲ್ಲಿ ನೆನೆಸಿದ ಕೆಂಪು ಈರುಳ್ಳಿ ಇಲ್ಲದಿದ್ದರೆ ತುತ್ತು ಇಳಿಯುವುದಿಲ್ಲ. ಅಂಗಳದ ತನ್ನ ಮರದಿಂದ ಹಣ್ಣು ಕಿತ್ತು, ಈರುಳ್ಳಿ ಹೆಚ್ಚಿ, ಅಡುಗೆಮನೆಯ ಮೇಜಿಗೆ ಕೂತಳು. ಸೋಮವಾರ ವೆಂಚೋನಿಗೆ ಮುಖದ ಮೇಲೇ ತೋರಿಸಬೇಕೆಂದು ಸಾಕ್ಷಿಯ ಡಬ್ಬಿಯನ್ನು ಆಗಲೇ ಸಂತನ ಹಿಂದಿನಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ಮುಚ್ಚಳ ತೆಗೆದು ಒಮ್ಮೆ ನೋಡಿದಳು. ನೋಡುತ್ತಲೇ ಹಣ್ಣು ಹಿಂಡಿದಳು. ಒಂದು ಬೀಜ ಜಾರಿ, ರಸ ಸಿಡಿದು ಡಬ್ಬಿಯೊಳಗೆ ಬಿತ್ತು.

ಡಬ್ಬಿ ಸುಯ್ಯೆಂದಿತು.

ನಿಕನೋರಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಚಕ್ಕೆಗಳ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು, ಬೆಂಕಿಯ ಮೇಲಿಟ್ಟ ಎಣ್ಣೆಯ ಹಾಗೆ. ಅವಳು ಇನ್ನೂ ಎರಡು ಹನಿ ಹಿಂಡಿದಳು. ಮತ್ತೆ ಸುಯ್. ಸುಣ್ಣ ಅಂದರೆ ಹೀಗೆ ಕುದಿಯುತ್ತದೆಯೇ? ಅವಳು ನೋಡಿದ ನೆನಪಿಲ್ಲ.

ಸಿಹಿ ಮಾಡುವ ಮೊದಲು ಪರಂಗಿಕಾಯಿಯ ಹೋಳು ನೆನೆಸಲೆಂದು ಅತ್ತಿಗೆಯ ಚೀಲದಿಂದಲೇ ತಂದಿಟ್ಟ ಸುಣ್ಣ ಬಿಗಿಮುಚ್ಚಳದ ಸೀಸೆಯಲ್ಲಿತ್ತು. ಅದಕ್ಕೂ ಉಗುರುಬಣ್ಣದ ಗೆರೆ. ಒಂದು ಚಿಟಿಕೆ ತೆಗೆದು ತಟ್ಟೆಯ ಮೇಲೆ ಹಾಕಿ ರಸ ಬಿಟ್ಟಳು. ಸುಣ್ಣ ಮೆತ್ತಗಾಗಿ, ಕರಗಿ, ಸುಮ್ಮನಾಯಿತು. ಗುಳ್ಳೆಯಿಲ್ಲ, ಸದ್ದಿಲ್ಲ.

ಅವಳ ಮೊದಲ ಗುಮಾನಿ ಹೋದದ್ದು ಕಿತ್ತಳೆಯ ಮೇಲೆ. ಹಣ್ಣಿನಲ್ಲೇ ಏನೋ ಇರಬೇಕು. ಹೊರಗೆ ಹೋಗಿ ಮರದ ತುದಿಯಿಂದ, ಅತ್ತಿಗೆಯ ಕೈ ಎಟುಕದ ಕಡೆಯಿಂದ, ಇನ್ನೊಂದು ಕಿತ್ತು ತಂದಳು. ಮತ್ತೆ ಅದೇ. ಚಕ್ಕೆ ಕುದಿಯಿತು, ಗಿರಣಿಯ ಸುಣ್ಣ ಮಲಗಿತು.

ಅವಳು ತಟ್ಟೆಯ ಮುಂದೆ ಬಹಳ ಹೊತ್ತು ಕೂತಳು. ಮಾಂಸ ತಣ್ಣಗಾಯಿತು. ಹಾಗಾದರೆ ಇದು ಆ ಚೀಲದ ಸುಣ್ಣವಲ್ಲ. ಹಾಗಾದರೆ ಯಾವುದು? ಬೇರೆ ಯಾರ ಮನೆಯಿಂದ? ಅವಳು ಕೇರಿಯ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಹಾದುಬಂದಳು. ಯಾರ ಹೆಸರೂ ಹೊಂದಲಿಲ್ಲ.

ತಟ್ಟೆ ತೊಳೆಯಲು ಅಂಗಳಕ್ಕೆ ಬಂದು, ಉಳಿದ ರಸವನ್ನು ಕಂಡಿಯ ಕಡೆ ಚೆಲ್ಲಿದಳು. ನಿನ್ನೆ ಕಲ್ಲು ಎತ್ತುವಾಗ ಒಂದಕ್ಕೊಂದು ಉಜ್ಜಿ ಉದುರಿದ್ದ ಬಿಳಿ ಪುಡಿ ಅಲ್ಲೇ ಬಿದ್ದಿತ್ತು. ರಸ ಅದನ್ನು ತಾಗಿತು.

ಸುಯ್.

ಅವಳು ಬಗ್ಗಿದಳು. ಮಂಡಿಯೂರಿದಳು. ಕಿತ್ತಳೆಯ ಸಿಪ್ಪೆಯನ್ನು ಹಿಂಡಿ, ಪುಡಿಯ ಮೇಲೆ ಮತ್ತೊಂದು ಹನಿ ಬಿಟ್ಟಳು. ಅದೇ ಗುಳ್ಳೆ, ಅದೇ ಸದ್ದು. ಅವಳ ಕಣ್ಣು ಕಲ್ಲಿನಿಂದ ಗೋಡೆಗೆ ಹೋಯಿತು, ಗೋಡೆಯಿಂದ ಮನೆಯ ತಳಪಾಯಕ್ಕೆ, ಅಲ್ಲಿಂದ ಅಂಗಳಕ್ಕೆ. ಈ ಊರಿನಲ್ಲಿ ಎಲ್ಲಿ ಅಗೆದರೂ ಗುದ್ದಲಿಗೆ ಸಿಗುವುದು ಇದೇ ಬಿಳಿ ಕಲ್ಲು. ಊರ ಬಾವಿಗಳನ್ನು ತೋಡಿದ್ದೂ ಇದರಲ್ಲೇ. ಊರ ನೀರೆಲ್ಲ ಇದರೊಳಗಿನಿಂದಲೇ ಬರಬೇಕು, ನೆಲದ ಮೇಲೆ ಹೊಳೆಯೊಂದೂ ಇಲ್ಲ. ಕಣ್ಣಿಗೆ ಕಾಣಲ್ಲ, ಕಾದ ಮೇಲೆ ಕೂರುತ್ತೆ ಎಂದಿದ್ದ ವೆಂಚೋ.

ಅವಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಹಿಡಿಯಲು ಯಾರೂ ಸಿಗದ ಕಳ್ಳತನ! ಆಮೇಲೆ ಹೋಟೆಲಿನ ಹಿಂಬಾಗಿಲು ನೆನಪಾಯಿತು. ನೆಲದ ಮೇಲೆ ಬಿದ್ದ ಬಾಚಣಿಗೆ ನೆನಪಾಯಿತು. ಬಟ್ಟೆ ಮುಚ್ಚಿದ ಬಕೆಟ್ಟನ್ನು ಎದೆಗೆ ಒತ್ತಿಕೊಂಡು ಹೋದ ಅತ್ತಿಗೆಯ ಬೆನ್ನು ನೆನಪಾಯಿತು. ಆದರೂ ಒಂದು ಮುಳ್ಳು ಉಳಿದಿತ್ತು. ಸುಣ್ಣ ಹಾಕಲು ಅಲ್ಲವಾದರೆ ಅವಳು ಮೇಲೆ ಹತ್ತಿದ್ದು ಯಾಕೆ?

ಅವಳು ಕಂಡಿಯ ಕಲ್ಲುಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಸದ್ದಿಗೆ ಆಚೆಯಿಂದ ಎತೆಲ್ವಿನಾ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನು, ಇವತ್ತೇ ಕತ್ತರಿಸ್ತೀಯಾ? ಭಾನುವಾರ ಅಂತಾನೂ ಇಲ್ವಾ?"

"ನಿನ್ನೆ ಬಕೆಟ್ಟಲ್ಲಿ ಏನಿತ್ತು ಅತ್ತಿಗೆ? ಅದೊಂದು ಹೇಳಿಬಿಡಿ."

ಎತೆಲ್ವಿನಾ ಒಳಗೆ ಹೋಗಿ ಒಂದು ಗಾಜಿನ ಜಾಡಿ ತಂದಳು. ಅದರಲ್ಲಿ ನೀರು, ಬಾಯಿಗೆ ಬಟ್ಟೆ ಕಟ್ಟಿತ್ತು.

"ಟ್ಯಾಂಕಿನ ನೀರು. ತಿಳಿಯಾಗೋವರೆಗೂ ಇಟ್ಟು ನೋಡಣ ಅಂತ ತಂದೆ. ನಿನ್ನ ಗಂಜಿಪುಡಿ ತಳದಲ್ಲಿ ಕೂರುತ್ತೆ ಅಂತ."

"ನನ್ನ ಗಂಜಿಪುಡೀನಾ?"

"ಮತ್ತಿನ್ಯಾರದ್ದು? ನನ್ನ ಬಾಯ್ಲರ್ ಕಟ್ಕೊಂಡಿದೆ. ಜೋಳ ಬೇಯಿಸೋ ನೀರು ಕಾಯಲ್ಲ, ಬರೀ ಗ್ಯಾಸು ಕುಡಿಯುತ್ತೆ, ಒಳಗೆ ಯಾರೋ ಕಲ್ಲು ಹೊಡೆದ ಹಂಗೆ ಕಟಕಟ ಅನ್ನುತ್ತೆ. ಕೆರೆದ್ರೆ ಬೆಳ್ಳಗೆ ಬರುತ್ತೆ. ಕೇರಿಯಲ್ಲಿ ಬಿಳಿ ಪುಡಿಯ ಜಾಡಿಗೆ ಗೆರೆ ಎಳೆದು ಬಚ್ಚಿಡೋಳು ಯಾರು? ಗಿರಣಿ ಸದ್ದು ನಿಂಗೆ ಆಗಲ್ಲ ಅಂತ ನಂಗೊತ್ತಿಲ್ವಾ?"

ನಿಕನೋರಾಳ ಕಿವಿ ಕೆಂಪಾಯಿತು. "ನಾನು! ನಾನು ಯಾರ ನೀರಿಗೋ ಗಂಜಿ ಹಾಕ್ತೀನಾ? ನಾನು ಅಂಥೋಳಾ? ಯಾವತ್ತಾದ್ರೂ ಒಂದು ಪಿನ್ನು..."

ಮಾತು ಅರ್ಧಕ್ಕೇ ನಿಂತಿತು. ತನ್ನದೇ ಧ್ವನಿ ಅವಳಿಗೆ ಹಿಂಬಾಗಿಲಿನ ಹುಡುಗಿಯ ಧ್ವನಿಯಂತೆ ಕೇಳಿಸಿತು. ಎದುರು ನಿಂತವಳ ಕಣ್ಣಿನಲ್ಲಿ ಕಾವಲುಗಾರನ ನೋಟವಿತ್ತು. ನಿನ್ನೆ ತನ್ನ ಕಣ್ಣಿನಲ್ಲೂ ಅದೇ ಇದ್ದಿರಬೇಕು.

ಅವಳು ಒಳಗೆ ಹೋಗಿ ಡಬ್ಬಿ, ಗಂಜಿಪುಡಿ, ಸುಣ್ಣದ ಸೀಸೆ, ಎರಡು ಕಿತ್ತಳೆ ತಂದು ಗೋಡೆಯ ಮೇಲೆ ಸಾಲಾಗಿ ಇಟ್ಟಳು.

"ನೀವೇ ಹಿಂಡಿ ಅತ್ತಿಗೆ. ಆಮೇಲೆ ನನ್ನ ಕೈಚಳಕ ಅಂತ ಅನ್ಬೇಡಿ."

"ಕಿತ್ತಳೆ ನಿನ್ನ ಮರದ್ದು."

"ಬೇಕಾದ್ರೆ ನಿಮ್ಮ ಮರದ್ದೇ ತನ್ನಿ."

ಎತೆಲ್ವಿನಾ ನಿಜವಾಗಿಯೂ ಹೋಗಿ ತನ್ನ ಮರದ್ದೇ ತಂದಳು. ಗಂಜಿಪುಡಿಯ ಮೇಲೆ ಹಿಂಡಿದಳು. ಅದು ಮುದ್ದೆಯಾಯಿತು, ಅಷ್ಟೆ. ಸುಣ್ಣ ಸುಮ್ಮನಿತ್ತು. ಡಬ್ಬಿಯ ಚಕ್ಕೆ ಕುದಿಯಿತು. ಬಾಯ್ಲರಿನಿಂದ ಕೆರೆದಿಟ್ಟಿದ್ದನ್ನು ಏಪ್ರನ್ನಿನ ಜೇಬಿನಿಂದ ತೆಗೆದು ಅದರ ಮೇಲೂ ಹಿಂಡಿದಳು. ಅದೂ ಕುದಿಯಿತು. ಅವಳೂ ಸಾಕ್ಷಿ ಜೋಪಾನ ಮಾಡಿದ್ದಳೆಂದು ನಿಕನೋರಾಳಿಗೆ ಆಗ ಗೊತ್ತಾಯಿತು. ಕೊನೆಗೆ ನಿಕನೋರಾ ಗೋಡೆಯ ಕಲ್ಲಿನ ಪುಡಿ ತೋರಿಸಿದಳು. ಎತೆಲ್ವಿನಾ ಬಗ್ಗಿ, ಗುಳ್ಳೆ ಒಡೆಯುವುದನ್ನು ಕೊನೆಯವರೆಗೂ ನೋಡಿದಳು.

"ಅಯ್ಯೋ ದೇವರೇ," ಎಂದಳು. "ನಾವು ಕುಡಿಯೋದು ಗೋಡೇನಾ?"

"ಗೋಡೇನೇ."

"ನಿಮ್ಮಣ್ಣಂಗೆ ಮೂತ್ರದಲ್ಲಿ ಕಲ್ಲು ಬಂದಾಗ ನಾನು ಮೆಣಸಿನಕಾಯಿನ ಬೈದೆ."

ಇಬ್ಬರೂ ನಗಲಿಲ್ಲ. ಎತೆಲ್ವಿನಾ ಕ್ಷಮೆ ಕೇಳಲಿಲ್ಲ. ನಿಕನೋರಾ ಮಾತ್ರ ಬಾಯಿಗೆ ಬಂದದ್ದನ್ನು ಎರಡು ಸಲ ನುಂಗಿ, ಮೂರನೆಯ ಸಲ ಹೇಳಿದಳು. "ನಿನ್ನೆ ಹೇಳಿದ್ದು ತಪ್ಪಾಯ್ತು." ಅಷ್ಟು ಮೆಲ್ಲಗೆ ಹೇಳಿದಳೆಂದರೆ, ಎತೆಲ್ವಿನಾ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಅತ್ತಿಗೆ ಕಂಡಿಯ ಕೊನೆಯ ಕಲ್ಲನ್ನು ಕಾಲಿನಿಂದ ಬದಿಗೆ ತಳ್ಳಿದಳು.

ಸೋಮವಾರ ವೆಂಚೋ ಗರಗಸ ಹಿಡಿದು ಬಂದಾಗ ಇಬ್ಬರು ಹೆಂಗಸರೂ ಅಂಗಳದಲ್ಲಿ ನಿಂತಿದ್ದರು. ಕೊಳವೆ ಕತ್ತರಿಸುವುದಿಲ್ಲ, ತಾರಸಿಯ ಮಳೆನೀರು ಇಳಿಯಲು ತಗಡಿನ ದೋಣಿ ಕಟ್ಟಬೇಕು, ಕೆಳಗೆ ಒಂದು ಪೀಪಾಯಿ ಇಡಬೇಕು ಎಂದರು. ಇಸ್ತ್ರಿಗೂ ಬಾಯ್ಲರಿಗೂ ಮಳೆನೀರು. ಯಂತ್ರದ ಜಾಲರಿಯನ್ನು ಆಗಾಗ ಹುಳಿಕಿತ್ತಳೆಯಲ್ಲಿ ನೆನೆಹಾಕುವುದು.

"ನಾನು ಆವತ್ತೇ ಹೇಳ್ಲಿಲ್ವಾ ಅಮ್ಮ, ನೀರಿಂದ್ಲೇ ಅಂತ?"

"ಹೇಳ್ದೆ. ಆದ್ರೆ ರೊಟ್ಟಿ ಅಲ್ಲಿಂದ ತರ್ತಿದ್ದೆಯಲ್ಲ." ನಿಕನೋರಾ ಅವನ ಗರಗಸವನ್ನು ನೋಡಿದಳು. "ಕತ್ತರಿಸೋಕೆ ಮನಸ್ಸಿಲ್ಲದೋನು ಇಷ್ಟು ಹರಿತವಾಗಿ ಯಾಕೆ ಮಸೆದುಕೊಂಡು ಬಂದಿದ್ದೀಯ?"

ವೆಂಚೋ ಗರಗಸವನ್ನು ಕೆಳಗಿಟ್ಟು ಏಣಿ ಹತ್ತಿದ.

ಪೀಪಾಯಿಯ ಮುಚ್ಚಳಕ್ಕೆ ಬೀಗ ಬೇಕೆಂದು ಎತೆಲ್ವಿನಾ ಹೇಳಿದಳು. ಕೀಲಿ ಎರಡಿರಬೇಕೆಂದು ನಿಕನೋರಾ ಹೇಳಿದಳು. ಅದಕ್ಕೆ ಇಬ್ಬರೂ ತಟ್ಟನೆ ಒಪ್ಪಿದರು.

ಎರ್ಮಿಲೋ ಅವರ ಕಾಲರಿನ ಕಲೆಯನ್ನು ಅವಳು ಕಿತ್ತಳೆರಸದಿಂದ ತಿಕ್ಕಿ ತೆಗೆದು, ಹಳೆಯ ಭಾರದ ಇಸ್ತ್ರಿಯಲ್ಲಿ ನೆರಿಗೆ ಕೂರಿಸಿ ಕಳಿಸಿದ್ದಳು. ಉಳಿದ ಅಂಗಿಗಳು ಮತ್ತೆ ಬರುತ್ತವೋ ಇಲ್ಲವೋ, ಗುರುವಾರದವರೆಗೆ ತಿಳಿಯುವಂತಿರಲಿಲ್ಲ.

ಮಧ್ಯಾಹ್ನ ಕಂಡಿಯಿಂದ ಒಂದು ಬಟ್ಟಲು ಬಂತು. ಸೋಮವಾರ, ಎಲ್ಲರ ಮನೆಯಲ್ಲೂ ಹಂದಿಮಾಂಸ ಹಾಕಿದ ಕಪ್ಪು ಅವರೆ. ನಿಕನೋರಾ ಬಟ್ಟಲಿನ ಮೇಲಿನ ಬಟ್ಟೆ ತೆಗೆದು, ಮೊದಲು ಮೂಸಿದಳು. ಸೌಟಿನಿಂದ ಮಗುಚಿ ತಳ ನೋಡಿದಳು. ಆಮೇಲೆ ಒಂದು ಕಾಳು ಬಾಯಿಗೆ ಹಾಕಿದಳು.

ಕಾಳು ಬೆಂದಿರಲಿಲ್ಲ. ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು.

ತನಗೆ ಬೇಕೆಂದೇ ಬೇಯದ್ದನ್ನು ಕಳಿಸಿದ್ದಾಳೆ. ಆ ಯೋಚನೆ ರೂಢಿಯ ಹಾದಿ ಹಿಡಿದು ಓಡಿ ಬಂತು. ನಿಕನೋರಾ ಅಗಿಯುವುದನ್ನು ನಿಲ್ಲಿಸಿದಳು. ತನ್ನ ಮನೆಯ ಅವರೆ ಎಂದಾದರೂ ಒಂದೇ ಕುದಿಗೆ ಬೆಂದಿತ್ತೇ? ಅವ್ವ ಅವರೆಗೆ ಮಾತ್ರ ಮಳೆನೀರನ್ನೇ ಹಾಕುತ್ತಿದ್ದಳಲ್ಲವೇ?

ಅವಳು ಬಟ್ಟಲನ್ನು ಎತ್ತಿ ಮತ್ತೆ ಒಲೆಯ ಮೇಲಿಟ್ಟು, ಉರಿ ಸಣ್ಣದು ಮಾಡಿದಳು. ಕುದಿಯುವವರೆಗೆ ಪಕ್ಕದಲ್ಲೇ ಕೂತು ಕಾದಳು. ಒಂದೆರಡು ಸಲ ಕಂಡಿಯ ಕಡೆಗೂ ನೋಡಿದಳು. ಆಚೆ ಎತೆಲ್ವಿನಾಳೂ ತನ್ನ ಬಟ್ಟಲನ್ನು ಒಲೆಯ ಮೇಲಿಟ್ಟು, ಇತ್ತ ಕಡೆಯೇ ನೋಡುತ್ತಿದ್ದಳು.